ತಿಕೋಟಾದಲ್ಲಿ ಛತ್ರಿ ಹಿಡಿದ ಸಂಜೆ

ಕೂತಲ್ಲಿ ಕೂರುವ ಸ್ವಭಾವ ನನಗೆ ಮೊದಲಿನಿಂದಲೂ ಇಲ್ಲ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲ ಹೊರಗೇ ಇರುತ್ತದೆ ಎಂದು ಅವ್ವ ಬೈಯುತ್ತಿದ್ದಳು. ಎಪ್ಪತ್ತರ ದಶಕದ ನಡುವೆ ಒಂದು ವರ್ಷದ ಮಟ್ಟಿಗೆ ನನಗೆ ಸಿಕ್ಕ ಕೆಲಸವೂ ಅಂಥದ್ದೇ. ಆಕಾಶದಲ್ಲಿ ನಿಂತ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ನಡೆದಿತ್ತು. ವಿಜಾಪುರದ ಸುತ್ತಲಿನ ಊರುಗಳಿಗೂ ಪೆಟ್ಟಿಗೆಗಳು ಬಂದಿದ್ದವು. ಶಾಲೆಯ ಕೋಣೆಯಲ್ಲಿ ಕಟ್ಟಿಗೆಯ ಕಪಾಟು, ಕಪಾಟಿನೊಳಗೆ ಟೀವಿ, ಕಪಾಟಿಗೆ ಕೀಲಿ, ಕೀಲಿ ಮಾಸ್ತರ ಉಡಿದಾರದಲ್ಲಿ. ಹೊರಗೆ ಬಯಲಿನಲ್ಲಿ ಕೋಳಿಗೂಡಿಗೆ ಹಾಕುವಂಥ ಜಾಳಿಗೆಯಿಂದ ಮಾಡಿದ, ಎತ್ತಿನ ಬಂಡಿಗಿಂತ ಅಗಲವಾದ ಬೋಗುಣಿ. ಜನ ಅದಕ್ಕೆ ಛತ್ರಿ ಎಂದರು, ನಾನೂ ಹಾಗೇ ಎನ್ನತೊಡಗಿದೆ. ಇವು ಕೆಟ್ಟಾಗ ಆಫೀಸಿನ ಹಳೆಯ ಜೀಪು ಹೊಡೆದುಕೊಂಡು ಹೋಗಿ ಸರಿಮಾಡುವುದು ನನ್ನ ಕೆಲಸ.

ಟೀವಿ ತಾನಾಗಿ ಕೆಡುತ್ತಿದ್ದುದು ಕಡಿಮೆ. ಮಂದಿ ಕೆಡಿಸುತ್ತಿದ್ದುದು ಹೆಚ್ಚು. ಅರಕೇರಿಯಲ್ಲಿ ಒಬ್ಬಾಕೆ ಛತ್ರಿಯ ಕಾಲಿಗೆ ಹೀರೇಬಳ್ಳಿ ಹಬ್ಬಿಸಿದ್ದಳು. ಕೀಳು ಅಂದರೆ "ಹೂವು ಬಿಟ್ಟೈತ್ರಿ, ಎಂಟು ದಿನ ತಡೀರಿ" ಎಂದು ನನಗೇ ಬುದ್ಧಿ ಹೇಳಿದಳು. ಕನಮಡಿಯಲ್ಲಿ ಯಾರೋ ಪುಣ್ಯಾತ್ಮ ಛತ್ರಿಯನ್ನು ಬಿಗಿದ ತಂತಿ ಬಿಚ್ಚಿ ಆಡು ಕಟ್ಟಲು ಒಯ್ದಿದ್ದ. ಇವೆಲ್ಲ ಹೋಗಲಿ, ನನ್ನ ದೊಡ್ಡ ಶತ್ರು ಎರೆಮಣ್ಣು. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಟ್ಟಿನ ಹಾಗೆ ಉಬ್ಬುತ್ತದೆ. ಛತ್ರಿ ನೆಟ್ಟವರು ಕೆಳಗಿನ ಗಟ್ಟಿ ಗರಸಿನವರೆಗೆ ತೋಡದೆ, ಎರೆಯಲ್ಲೇ ಕಾಲು ಹೂಳಿ ಹೋಗಿದ್ದರು. ಮಳೆ ಹಿಡಿಯಿತೆಂದರೆ ಛತ್ರಿ ವಾಲುತ್ತಿತ್ತು. ಪಡುವಣ ಆಕಾಶದಲ್ಲಿ ಅದು ನೋಡಬೇಕಾದ ಜಾಗ ತಪ್ಪುತ್ತಿತ್ತು. ಚಿತ್ರ ಹೋಗಿ ಪರದೆಯ ತುಂಬ ಬಿಳಿ ಚುಕ್ಕೆ ಉದುರುತ್ತಿದ್ದವು. "ಟೀವ್ಯಾಗ ಹಿಟ್ಟು ಬೀಳಾಕತ್ತೈತಿ" ಎಂದು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತಿತ್ತು.

ಬಬಲೇಶ್ವರದ ಹೇಳಿಕೆ ಬಂದರೆ ಇನ್ನೂ ಹೆಚ್ಚು ಉರಿಯುತ್ತಿತ್ತು. ಅದು ಅವ್ವನ ತವರು. ಅಲ್ಲಿ ಅವ್ವನ ಒಬ್ಬನೇ ಅಣ್ಣ, ನನ್ನ ಸೋದರಮಾವ ಇದ್ದ. ಅವನ ಮಗಳನ್ನು ನನಗೆ ತಂದುಕೊಳ್ಳುವುದೆಂದು ನಾವಿಬ್ಬರೂ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆದರೆ ಹೊತ್ತು ಬಂದಾಗ ಮಾವ ಜಾರಿಕೊಂಡ. ಆಗ ನಾನು ರೇಡಿಯೋ ರಿಪೇರಿ ಮಾಡಿಕೊಂಡು ತಿರುಗುತ್ತಿದ್ದೆ. "ತಂತಿ ಹಿಡಕೊಂಡು ಊರೂರು ತಿರಗಾಂವಗ ಹೆಣ್ಣು ಕೊಡೂದಿಲ್ಲ" ಎಂದು ನಾಲ್ಕು ಮಂದಿಯ ಎದುರಿಗೇ ಅಂದ. ಅವ್ವ ಅಲ್ಲೇ ದೇವರ ಭಂಡಾರ ಮುಟ್ಟಿ ಆಣೆ ಮಾಡಿದಳು: "ನೀನಾಗಿ ಬಂದು ಪಂಚಮಿಗೆ ಕರಿಯೂ ತನಕ ನಿನ್ನ ಮಾರಿ ನೋಡೂದಿಲ್ಲ."

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಎಂಥ ಜಗಳವಿದ್ದರೂ ಆ ಕರೆ ತಪ್ಪುವುದಿಲ್ಲ. ಮಾವ ತಪ್ಪಿಸಿದ. ಮಗಳನ್ನು ಬೇರೆ ಕಡೆ ಕೊಟ್ಟ ನಾಚಿಕೆಯೋ, ಸೊಕ್ಕೋ, ಅವನಿಗೇ ಗೊತ್ತು. ಮೂರು ಪಂಚಮಿ ಹಾಗೇ ಹೋದವು. ಹಬ್ಬದ ಮುಂಜಾನೆ ಓಣಿಯ ಹೆಣ್ಣುಮಕ್ಕಳೆಲ್ಲ ಗಂಟು ಹಿಡಿದು ಬಸ್ಸು ಹತ್ತಿದರೆ, ಅವ್ವ ಬಾಗಿಲು ಮುಂದೆ ಮಾಡಿಕೊಂಡು ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದಳು. ನನಗೆ ಹೆಣ್ಣು ತಪ್ಪಿದ್ದಕ್ಕೆ ಅಂಥ ದುಃಖವಾಗಿರಲಿಲ್ಲ, ಅವ್ವನನ್ನು ಹಾಗೆ ನೋಡುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ಟೀವಿಯವರು ಕ್ಯಾಮರಾ ಹೊತ್ತುಕೊಂಡು ಬಬಲೇಶ್ವರಕ್ಕೆ ಹೋಗಿ ಬೀಜದ ಜೋಳ ಆರಿಸಿ ಇಡುವ ಬಗೆಯನ್ನು ಚಿತ್ರ ತೆಗೆದರು. ಊರಲ್ಲಿ ಅದಕ್ಕೆ ಹೆಸರಾದವನು ಮಾವನೇ. ಅದು ಬರುವ ದಿನ ಯಾವುದೆಂದು ಆಫೀಸಿನಲ್ಲಿ ನನಗೆ ಗೊತ್ತಾದಾಗ ಪಂಚಮಿ ಹತ್ತಿರ ಬಂದಿತ್ತು. ಆ ವಾರವೇ ಉಪಗ್ರಹವನ್ನು ಬೇರೆ ದಿಕ್ಕಿಗೆ ಸರಿಸುವುದಿತ್ತು. ಇನ್ನೊಮ್ಮೆ ತೋರಿಸುವ ಮಾತೇ ಇಲ್ಲ.

ಅವ್ವನಿಗೆ ಹೇಳಬಾರದೆಂದುಕೊಂಡೆ. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಎರಡು ರೊಟ್ಟಿ ಆದ ಮೇಲೆ ಕೇಳಿದಳು.

"ಟೀವಿಯೊಳಗ ಮಾರಿ ನೋಡಿದರ ಆಣಿ ಮುರದಂಗ ಆಗತೈತೇನು?"

"ಅದು ಮಾರಿ ಅಲ್ಲ ಯವ್ವಾ, ಬರೇ ಬೆಳಕು. ನೀರಾಗ ನೆಳ್ಳ ಕಾಣತೈತಲ್ಲ, ಹಂಗ."

"ನೆಳ್ಳಿಗೆ ಆಣಿ ಇಲ್ಲ ಬಿಡು" ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ಆಮೇಲೆ ಒಲೆಗೆ ಕಟ್ಟಿಗೆ ನೂಕುತ್ತ, "ತಿಕೋಟಾದಾಗ ಅಳ್ಳಿನ ಜ್ವಾಳ ಛಲೋ ಸಿಗತಾವಂತ. ಅವತ್ತ ಹೋಗಿ ತರಬೇಕು" ಎಂದಳು. ವಿಜಾಪುರದ ಪೇಟೆಯಲ್ಲಿ ಸಿಗದ ಅಳ್ಳಿನ ಜೋಳ ತಿಕೋಟಾದಲ್ಲಿ ಏನು ಸಿಗುತ್ತಿತ್ತು? ಅಲ್ಲಿ ಟೀವಿ ಇತ್ತು, ಆಕೆಯನ್ನು ಗುರುತು ಹಿಡಿಯುವವರು ಇರಲಿಲ್ಲ. ನಾನು ನಗು ನುಂಗಿಕೊಂಡು ಹೂಂ ಅಂದೆ.

ಎರಡು ದಿನ ಬಿಟ್ಟೂಬಿಡದೆ ಮಳೆ ಹೊಡೆಯಿತು. ಆ ದಿನ ಮಧ್ಯಾಹ್ನ ಜೀಪಿನಲ್ಲಿ ಅವ್ವನನ್ನು ಕೂರಿಸಿಕೊಂಡು ತಿಕೋಟಾ ಮುಟ್ಟಿದಾಗ ಛತ್ರಿ ಕುಡಿದವನ ಹಾಗೆ ಒಂದು ಕಡೆ ಒರಗಿ ನಿಂತಿತ್ತು.

"ಬರೇ ಮಳಿಯಿಂದ ಅಲ್ರಿ" ಎಂದರು ಮಾಸ್ತರು. "ನಿನ್ನಿ ಎಮ್ಮಿ ಬಂದು ಮೈ ತಿಕ್ಕೇತಿ. ಓಡಸೂದರಾಗ ತನ್ನ ಕೆಲಸ ಮುಗಸಿತ್ತು."

ಮಾಸ್ತರ ಮನೆಯಾಕೆ ಅವ್ವನನ್ನು ಕರೆದು ಚಹಾ ಕೊಟ್ಟರು. ನಾನು ಪಂಜೆ ಮೇಲೆ ಕಟ್ಟಿ ಕೆಸರಿಗೆ ಇಳಿದೆ. ಕಲ್ಲು ತುರುಕಿದರೆ ಕಲ್ಲು ಒಳಗೆ, ಕಟ್ಟಿಗೆಯ ಊರುಗೋಲು ಕೊಟ್ಟರೆ ಅದೂ ಒಳಗೆ. ಎತ್ತಿ ನಿಲ್ಲಿಸಿ ಮೀಟರಿನ ಮುಳ್ಳು ಮೇಲೇರಿತು ಅನ್ನುವಷ್ಟರಲ್ಲಿ ಮೆಲ್ಲಗೆ ಮತ್ತೆ ಒರಗುತ್ತಿತ್ತು. ಎಮ್ಮೆಗೆ, ಎಮ್ಮೆಯ ಒಡೆಯನಿಗೆ, ಎರೆಯಲ್ಲಿ ಕಾಲು ನೆಟ್ಟ ಮಹಾನುಭಾವರಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಹೊತ್ತು ಇಳಿಯುತ್ತಿತ್ತು. ನಾನು ಮೀಟರಿಗಿಂತ ಹೆಚ್ಚು ಆಕಾಶವನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಬಸ್ಸಿನಿಂದ ಕಂಡಕ್ಟರ್ ಇಳಿದು ಬಂದ. "ಬಬಲೇಶ್ವರದಾಗ ಮುಂಜಾನಿಂದ ಹಿಟ್ಟು ಬೀಳಾಕತ್ತೈತಂತ್ರಿ. ಲಗೂನ ಬರಬೇಕಂತ. ನಿಮ್ಮ ಮಾವನ ಹೇಳ್ಯಾರ" ಎಂದು ಹೇಳಿ ಹೋದ.

ಅತ್ತ ದರಿ ಇತ್ತ ಪುಲಿ. ಈಗಿಂದೀಗ ಜೀಪು ಬಿಟ್ಟರೆ ಬಬಲೇಶ್ವರದ ಛತ್ರಿ ಸರಿಮಾಡಬಹುದಿತ್ತು. ಅಲ್ಲಿ ಊರಿಗೆ ಊರೇ ತನ್ನನ್ನು ತಾನು ನೋಡಿಕೊಳ್ಳಲು ಕಾದು ಕೂತಿತ್ತು. ಹೋದರೆ ತಿಕೋಟಾದಲ್ಲಿ ಬರೀ ಹಿಟ್ಟು. ಅವ್ವ ಮಾಸ್ತರ ಕಟ್ಟೆಯ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗು ಸರಿಮಾಡಿಕೊಳ್ಳುತ್ತ ಹತ್ತಿರ ಬಂದಳು.

"ಹೋಗಪಾ. ಅವಂಗ ತನ್ನ ಮಾರಿ ನೋಡಕೊಳ್ಳೂ ಆಸೆ ಇರತೈತಿ. ನಾ ಏನ ಅಳ್ಳಿನ ಜ್ವಾಳಕ್ಕ ಬಂದಾಕಿ."

"ಜ್ವಾಳ ಎಲ್ಲಿ ಅದಾವ, ತೋರಸು?" ಎಂದೆ ಸಿಟ್ಟಿನಿಂದ. ಆಕೆಯ ಕೈಯಲ್ಲಿ ಖಾಲಿ ಚೀಲವಿತ್ತು. ನಾನು ಹೋಗಲಿಲ್ಲ. ಹೋಗಬೇಕಿತ್ತು ಎಂದು ಆವತ್ತೂ ಅನ್ನಿಸಲಿಲ್ಲ, ಈವತ್ತೂ ಅನ್ನಿಸುವುದಿಲ್ಲ.

ಸಂಜೆಯಾಯಿತು. ಮಾಸ್ತರು ಕೀಲಿ ತೆಗೆದರು, ಕೋಣೆ ತುಂಬಿ ಮಂದಿ ಕಿಟಕಿಗೆ ಜೋತುಬಿದ್ದರು. ಹೆಣ್ಣುಮಕ್ಕಳ ಸಾಲಿನಲ್ಲಿ ಅವ್ವ ಮುಂದೆಯೇ ಕೂತಳು. ಇಬ್ಬರು ಗಟ್ಟಿ ಹುಡುಗರಿಗೆ ಛತ್ರಿ ಎತ್ತಿ ಹಿಡಿಯಲು ಹೇಳಿದರೆ, ಒಳಗೆ ಹಾಡು ಕೇಳಿದ್ದೇ ತಡ ಇಬ್ಬರೂ ಬಿಟ್ಟು ಓಡಿದರು. ಇನ್ನೇನು ಮಾಡುವುದು? ನಾನೇ ಜಾಳಿಗೆಯ ಕೆಳಗೆ ಹೆಗಲು ಕೊಟ್ಟು ಎತ್ತಿ ನಿಂತೆ. "ಬಂತು, ಬಂತು, ಅಲ್ಲಾಡಬ್ಯಾಡ್ರಿ" ಎಂದು ಒಳಗಿಂದ ಕೂಗಿದರು. ಜನ್ಮದಲ್ಲಿ ಮೊದಲ ಸಲ ನಾನು ಅಲ್ಲಾಡದೆ ನಿಂತೆ. ಪಾದ ಕೆಸರಿನಲ್ಲಿ ಇಳಿಯುತ್ತಿದ್ದವು, ಸೊಳ್ಳೆ ಕಡಿಯುತ್ತಿದ್ದವು, ಕೆರೆದುಕೊಳ್ಳಲು ಕೈ ಇಲ್ಲ.

ಪರದೆ ನನಗೆ ಕಾಣುತ್ತಿರಲಿಲ್ಲ. ದನಿ ಮಾತ್ರ ಕಿಟಕಿಯಿಂದ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾವನ ದನಿ ಬಂತು, ಅದೇ ಗಡಸು ದನಿ. ತೆನೆ ಆರಿಸುವುದು, ಬೂದಿ ಬೆರೆಸುವುದು, ಬೇವಿನ ಎಲೆ ಹಾಕಿ ಇಡುವುದು, ಎಲ್ಲ ಹೇಳಿದ. ಟೀವಿಯಲ್ಲಿ ಅವನನ್ನು ಪ್ರಶ್ನೆ ಕೇಳುತ್ತಿದ್ದ ಪೇಟೆಯ ಹುಡುಗ, ಇಷ್ಟು ಚೆನ್ನಾಗಿ ಆರಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದ. ಮಾವ ಸುಮ್ಮನಾದ. ಛತ್ರಿ ಸರಿಯಿತೋ ಏನೋ ಎಂದು ಗಾಬರಿಯಾಗಿ ನಾನು ಇನ್ನಷ್ಟು ಎತ್ತಿದೆ. ಆಗ ಮತ್ತೆ ದನಿ ಬಂತು.

"ತೆನಿ ಆರಸೂ ಕಣ್ಣು ನನ್ನ ತಂಗೀದ್ರಿ. ಆಕಿ ಬಂದು ನೋಡಿಲ್ಲ, ಅದಕ್ಕ ಈ ಬೀಜ ನನಗ ಪಸಂದ ಬಂದಿಲ್ಲ."

ಹುಡುಗ ನಕ್ಕು ಗೊಬ್ಬರದ ಮಾತಿಗೆ ಹೋದ. ನನ್ನ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಕೈ ಇರಲಿಲ್ಲ.

ಕಾರ್ಯಕ್ರಮ ಮುಗಿದು ಅವ್ವ ಹೊರಗೆ ಬಂದಾಗ ಕಣ್ಣಲ್ಲಿ ಅತ್ತ ಕುರುಹು ಏನೂ ಇರಲಿಲ್ಲ. ನನ್ನ ಹೆಗಲು ನೀವುತ್ತ, "ಮುಂಜಾನೆ ಬಬಲೇಶ್ವರಕ್ಕ ಹೋಗಾಂವೇನು?" ಎಂದು ಕೇಳಿದಳು.

"ಹೋಗಬೇಕಲ್ಲ. ಬೈಸಿಕೊಳ್ಳಾಕರ ಹೋಗಬೇಕು."

"ನಾನೂ ಬರ್ತೀನಿ. ಅವನ ಮನಿಗೆ ಅಲ್ಲ. ಜೀಪಿನಾಗ ಕುಂತಿರ್ತೀನಿ."

ಮರುದಿನ ಬಬಲೇಶ್ವರದ ಶಾಲೆಯ ಮುಂದೆ ಜೀಪು ನಿಂತಾಗ ಮಾವ ಅಲ್ಲೇ ಇದ್ದ. ನನ್ನನ್ನು ಕಂಡದ್ದೇ ಶುರುಮಾಡಿದ. "ಬಂದ್ಯಾ? ಲಗ್ನ ಮುಗದ ಮ್ಯಾಲ ಬಾಜಾದಾಂವ ಬಂದಂಗ. ಊರ ಮಂದಿ ನನ್ನ ನೋಡಾಕ ಕುಂತು ಹಿಟ್ಟು ನೋಡಿ ಎದ್ದು ಹೋದರು." ಮುಂದೆ ಏನೋ ಅನ್ನಲು ಬಾಯಿ ತೆರೆದವನು ಜೀಪಿನಲ್ಲಿ ಕೂತವಳನ್ನು ಕಂಡು ಹಾಗೇ ನಿಂತ. ಅವ್ವ ಸೆರಗನ್ನು ಕೆನ್ನೆಯವರೆಗೆ ಎಳೆದು ಆ ಕಡೆ ಮುಖ ತಿರುಗಿಸಿ ಕೂತಿದ್ದಳು.

ನಾನು ಛತ್ರಿಯ ಬುಡಕ್ಕೆ ಹೋಗಿ, ಆಗಲೇ ಬಿಗಿಯಿದ್ದ ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿಯತೊಡಗಿದೆ. ಕಿವಿಯೆಲ್ಲ ಅತ್ತಲೇ ಇತ್ತು.

"ನಾ ನೋಡೀನಿ" ಎಂದಳು ಅವ್ವ, ತಿರುಗದೆ. "ತಿಕೋಟಾದಾಗ."

ಮಾವ ಜೀಪಿನ ಹತ್ತಿರ ಹೋದ. ಅವನ ದನಿ ಒಮ್ಮೆಲೇ ಇಳಿದಿತ್ತು. "ಹೆಂಗ ಕಾಣತಿದ್ದೆ?"

"ನಿನ್ನ ಅದ ಹಳದಿ ರುಂಬಾಲ ಸುತ್ತಿದ್ದಿ, ಟೀವ್ಯಾಗ ಬೆಳ್ಳಗ ಕಾಣತಿತ್ತು. ಕುಂತು ಏಳೂವಾಗ ಮೊಣಕಾಲ ಹಿಡಕೋತಿದ್ದಿ."

"ಏನೇನ ಅಂದೆ ನಾ? ಸುಗ್ಗಿಯಾಗ ಅಂದದ್ದು, ಮರತೀನಿ."

ಅವ್ವ ಒಂದೊಂದಾಗಿ ಹೇಳಿದಳು. ತೆನೆ, ಬೂದಿ, ಬೇವಿನ ಎಲೆ, ಗೊಬ್ಬರ.

"ಅಷ್ಟೇನ?"

"ಅಷ್ಟ."

"ಇನ್ನೊಂದೇನೋ ಅಂದಿದ್ದೆ ಅನಸತೈತಿ."

"ಅದನ್ನ ಊರಿಗೆಲ್ಲಾ ಹೇಳಿದಿ. ಈಗ ನನಗ ಹೇಳು."

ಮಾವ ರುಂಬಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಂದಷ್ಟು ಹೊತ್ತು ಛತ್ರಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಜೀಪಿನ ಕಡೆ ಬಾಗಿ ಮೆಲ್ಲಗೆ ಅಂದ.

"ಪಂಚಮಿಗೆ ಬಾರವ್ವಾ. ನಾ ಕರಿಯಾಕ ಬಂದೀನಿ ಅಂತ ತಿಳಕೋ."

ಅವ್ವ ಸೆರಗು ಸರಿಸಿ ಈ ಕಡೆ ತಿರುಗಿದಳು. ಮೂರು ವರ್ಷದ ಮೇಲೆ ಅಣ್ಣನ ಮುಖವನ್ನು ಕಣ್ಣು ಕೀಳದೆ ನೋಡಿದಳು.

"ಟೀವ್ಯಾಗ ಗೊತ್ತಾಗಲಿಲ್ಲ" ಎಂದಳು. "ಭಾಳ ಸೊರಗಿದಿ ನೀ."