ಅಪ್ಪಯ್ಯನ ಫ್ರಿಜ್ಜಿನಲ್ಲಿ ಬೂಷ್ಟು

ನನ್ನ ಅಪ್ಪಯ್ಯನಿಗೆ ಜಗತ್ತಿನಲ್ಲಿ ಇದ್ದ ಒಬ್ಬನೇ ವೈರಿ ಬೂಷ್ಟು. ದಾದರ್ ಸ್ಟೇಷನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲಿತ್ತು. ಮುಂಬಯಿಯ ಮಳೆಗಾಲದಲ್ಲಿ ತೆಂಗಿನಕಾಯಿ ಹೋಳಿಗೂ ಉಪ್ಪಿನಕಾಯಿ ಭರಣಿಗೂ ಬೂಷ್ಟು ಹಿಡಿಯದಂತೆ ಕಾಯುವುದರಲ್ಲೇ ಅವರ ಅರ್ಧ ಆಯುಷ್ಯ ಹೋಗಿತ್ತು. ಅಂಥವರ ಮಗಳಾದ ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಪರೇಲಿನ ಲ್ಯಾಬೊಂದರಲ್ಲಿ ದಿನವಿಡೀ ಕೂತು ಬೂಷ್ಟು ಬೆಳೆಸುತ್ತಿದ್ದೆ. ಪುಸ್ತಕದಲ್ಲಿ ಅದಕ್ಕೆ ಶಿಲೀಂಧ್ರ ಎಂಬ ಗೌರವದ ಹೆಸರಿದೆ. ನಮ್ಮ ಮನೆಯಲ್ಲಿ ಆ ಗೌರವ ಸಿಗಲಿಲ್ಲ.

ಭಾಂಡುಪಿನ ಗುಡ್ಡದಲ್ಲಿ ಕೊಳೆತ ದಿಮ್ಮಿಯೊಂದರ ಮೇಲೆ ನನಗೆ ಬೂದು ಬಣ್ಣದ ಒಂದು ಬೂಷ್ಟು ಸಿಕ್ಕಿತ್ತು. ಗಾಯದಲ್ಲಿ ಕೀವು ಮಾಡುವ ರೋಗಾಣುಗಳ ತಟ್ಟೆಗೆ ಅದರ ರಸದ ಹನಿ ಬಿಟ್ಟರೆ ಸುತ್ತಲಿನ ರೋಗಾಣುಗಳು ಸತ್ತು ಜಾಗ ಖಾಲಿಯಾಗುತ್ತಿತ್ತು. ಎಷ್ಟು ಹುಡುಕಿದರೂ ಅಂಥದು ಮತ್ತೆ ಸಿಗಲಿಲ್ಲ. ಅದರಿಂದ ಯಾವ ಗುಳಿಗೆಯೂ ಅಂಗಡಿಗೆ ಬರಲಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ. ಆಗ ಮಾತ್ರ ಅದರ ಮೇಲೆ ನನಗೆ ಪ್ರಾಣ.

ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಪಾಠ ಹೇಳುತ್ತಿದ್ದೆ. ಬಿದ್ದ ಎಲೆಯನ್ನು, ಸತ್ತ ಮರವನ್ನು ಮಣ್ಣು ಮಾಡುವುದು ಬೂಷ್ಟೇ, ಅದಿಲ್ಲದಿದ್ದರೆ ಕಾಡು ತನ್ನ ಕಸದಲ್ಲೇ ಹೂತುಹೋಗುತ್ತಿತ್ತು ಎಂದರೆ ಅವರು ತಲೆಯಾಡಿಸುತ್ತಿದ್ದರು.

"ಕಾಡಲ್ಲಿ ಮಾಡ್ಲಿ ಮಾರಾಯ್ತಿ, ಒಳ್ಳೆದೇ. ನನ್ನ ಕಾಯಿ ಮೇಲೆ ಎಂತಕ್ಕೆ ಬರ್ಬೇಕು ಅದು?"

ಅಕ್ಟೋಬರಿನ ಸೆಖೆಯಲ್ಲಿ ಲ್ಯಾಬಿನ ಫ್ರಿಜ್ಜು ಕೆಟ್ಟಿತು. ರಿಪೇರಿ ದೀಪಾವಳಿ ಕಳೆದ ಮೇಲೆ ಎಂದರು. ತಂಪಿಲ್ಲದೆ ಬೆಳೆಯುತ್ತಲೇ ಹೋದರೆ ನನ್ನ ಬೂಷ್ಟು ಮದ್ದು ಕೊಡುವ ಗುಣವನ್ನೇ ಕಳೆದುಕೊಳ್ಳಬಹುದಿತ್ತು, ಸತ್ತೇ ಹೋಗಬಹುದಿತ್ತು. ಪಕ್ಕದ ವಿಭಾಗದವರು ತಮ್ಮ ಫ್ರಿಜ್ಜಿಗೆ ಬೂಷ್ಟು ಬೇಡವೆಂದರು. ನಮ್ಮ ಚಾಳಿನಲ್ಲಿ ಫ್ರಿಜ್ಜು ಯಾರ ಮನೆಯಲ್ಲೂ ಇರಲಿಲ್ಲ. ಉಳಿದದ್ದು ಅಪ್ಪಯ್ಯನ ಹೋಟೆಲಿನದು.

ಕೇಳಿದೆ. ಅವರು ಕೆಂಡವಾದರು.

"ಜನ ಉಣ್ಣುವಲ್ಲಿ ಬೂಷ್ಟಾ? ನಿಂಗೆ ತಲೆ ಸರಿ ಉಂಟಾ?"

ಕುಪ್ಪಿಗಳ ಬಾಯಿಗೆ ಹತ್ತಿ ತುರುಕಿದೆ, ಹೊರಗೆ ಬರುವುದಿಲ್ಲ ಎಂದೆ. ಅವರು ಕೇಳಲಿಲ್ಲ. ಸಿಟ್ಟು ನನಗೂ ಅವರಿಂದಲೇ ಬಂದದ್ದು. "ಹಾಗಾದರೆ ಸಾಯಲಿ ಬಿಡಿ, ಅಂಥದು ಇನ್ನೊಂದು ಸಿಗೂದಿಲ್ಲ" ಎಂದು ಊಟದ ತಟ್ಟೆ ಬಿಟ್ಟೆದ್ದೆ.

ಮರುದಿನ ಬೆಳಿಗ್ಗೆ ಅವರೇ "ತಕೊಂಡು ಬಾ" ಎಂದರು. ಕುಪ್ಪಿಗಳ ಡಬ್ಬಿ ಹಿಡಿದು ಹೋಟೆಲಿಗೆ ಹೋದರೆ ಫ್ರಿಜ್ಜು ಖಾಲಿ. ತೊಳೆದು ಒರೆಸಿ ಇಟ್ಟಿದ್ದರು. ಬೆಣ್ಣೆ, ಹಿಟ್ಟು, ಹಾಲು ಎಲ್ಲವನ್ನೂ ಎದುರು ಹೋಟೆಲಿನವರಿಗೆ ಕೊಟ್ಟುಬಿಟ್ಟಿದ್ದರು. ಅವರ ಜೊತೆ ಅಪ್ಪಯ್ಯನಿಗೆ ವರ್ಷಗಳಿಂದ ಮಾತಿರಲಿಲ್ಲ. ಬೂಷ್ಟನ್ನು ತಿನ್ನುವ ವಸ್ತುವಿನ ಪಕ್ಕ ಇಡಲು ಅವರಿಂದ ಸಾಧ್ಯವೇ ಇರಲಿಲ್ಲ, ಹಾಗಾಗಿ ತಿನ್ನುವ ವಸ್ತುವನ್ನೇ ಹೊರಗೆ ಕಳಿಸಿದ್ದರು. ಅಂದಿನಿಂದ ದೋಸೆ ನಿಂತಿತು. ಬೆಳಗಿನ ಹಾಲು ತೀರಿದ ಮೇಲೆ ಕಾಫಿಯೂ ಇಲ್ಲ, ಬರೀ ಕರಿ ಚಹಾ. ಆ ಕಾಫಿಗಾಗಿಯೇ ಎರಡು ಸ್ಟೇಷನ್ನು ದಾಟಿ ಬರುವವರಿದ್ದರು.

ಲ್ಯಾಬಿನ ಫ್ರಿಜ್ಜು ಸರಿಹೋಗುವವರೆಗೆ ನನ್ನ ಬೂಷ್ಟು ಅಲ್ಲಿ ಸುಖವಾಗಿತ್ತು. ದಿನವೂ ಹೋಗಿ ನೋಡಿ ಬರುತ್ತಿದ್ದೆ. ಹಾಗೆ ಹೋದ ಒಂದು ಮಧ್ಯಾಹ್ನ ಹೋಟೆಲು ತುಂಬಿತ್ತು. ಬ್ಯಾಂಕಿನ ಗುಮಾಸ್ತರೊಬ್ಬರು, ಬಿಜಾಪುರದ ಕಡೆಯವರು, ಹಳೆಯ ಗಿರಾಕಿ, ಚಹಾದ ಲೋಟ ದೂಡಿ ಕೇಳಿದರು:

"ಏನ್ರೀ ಯಜಮಾನ್ರ, ದಿನಾ ಕಾಫಿ ಇಲ್ಲಂದ್ರ ಹೆಂಗ್ರೀ? ಫ್ರಿಜ್ಜು ಕೆಟ್ಟೈತೇನು?"

ಹೌದು ಅನ್ನಿ ಅಪ್ಪಯ್ಯ, ಅಷ್ಟೇ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳು ಅವರಿಗೆ ಒಗ್ಗದು.

"ಫ್ರಿಜ್ಜು ಸರಿ ಉಂಟು. ಅದ್ರಲ್ಲಿ ನನ್ನ ಮಗಳ ಬೂಷ್ಟು ಉಂಟು. ಮದ್ದಿನದ್ದು."

ಗುಮಾಸ್ತರು ಲೋಟ ನೋಡಿದರು, ಅಪ್ಪಯ್ಯನನ್ನು ನೋಡಿದರು, ಎದ್ದು ಹೋದರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ನನಗೆ ಅಳು ಬಂತು. ಕುಪ್ಪಿಗಳನ್ನು ಈಗಲೇ ಒಯ್ಯುತ್ತೇನೆ ಎಂದು ಫ್ರಿಜ್ಜಿನ ಬಾಗಿಲಿಗೆ ಕೈಹಾಕಿದೆ. ಅಪ್ಪಯ್ಯ ನನ್ನ ಕೈ ಸರಿಸಿ ಬಾಗಿಲು ಒತ್ತಿ ಹಿಡಿದರು.

"ಗಿರಾಕಿ ಹೋದ್ರೆ ಇನ್ನೊಬ್ಬ ಬರ್ತಾನೆ ಮಗಾ. ಇದು ಹೋದ್ರೆ ಇನ್ನೊಂದು ಎಲ್ಲಿಂದ ತರ್ತಿ?"