ಒಂದೇ ಮಗುವಿಗೆ ತೆರೆದ ಸೀಸೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಸಿಕೆ ಉಗ್ರಾಣದ ಮೇಜಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಐಸ್ ಪ್ಯಾಕ್‌ಗಳನ್ನು ಹರಡಿಕೊಂಡು ನಿಂತಿದ್ದಾರೆ ಈ ಹೆಂಗಸು. ಅವು ಬೆವರತೊಡಗಿದ ಮೇಲೆ ಒಂದನ್ನೆತ್ತಿ ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಅನ್ನಬೇಕು. ಅನ್ನಲಿಲ್ಲವೋ, ಮತ್ತೆ ಮೇಜಿಗೇ. "ಕೆಲವು ಲಸಿಕೆಗೆ ತಂಪು ಜಾಸ್ತಿಯಾದ್ರೆ ಮುನಿಸು, ದಡಾರದ್ದಕ್ಕೆ ಬಿಸಿಲು ಕಂಡ್ರೇ ಮುನಿಸು. ಎರಡನ್ನೂ ಒಂದೇ ಡಬ್ಬೀಲಿ ಹೊರಬೇಕು. ಸವತಿಯರ ಸಂಸಾರ ನಂದು!" ಎಂದು ನಗುತ್ತಾರೆ.

ನೀಲಿ ಡಬ್ಬಿ ಹೆಗಲೇರಿದರೆ ಸಾಕು, ಬೀದಿಗೆ ಬೀದಿಯೇ ಅವರನ್ನು 'ಡಬ್ಬಿ ಅಕ್ಕ' ಎನ್ನುತ್ತದೆ. ಅವರು ಚುಚ್ಚುವವರಲ್ಲ, ಹೊರುವವರು. ಬೆಳಿಗ್ಗೆ ಬಡಾವಣೆಗಳ ಲಸಿಕೆ ಕೋಣೆಗೆ ಒಯ್ಯುವುದು, ಸಂಜೆ ಉಳಿದದ್ದನ್ನು ವಾಪಸ್ ತರುವುದು. ಫೋಟೊಗಳಲ್ಲಿ ಡಾಕ್ಟರು ಇರುತ್ತಾರೆ, ಅಳುವ ಮಗು ಇರುತ್ತದೆ, ಡಬ್ಬಿಯ ಒಂದು ಮೂಲೆ ಕಂಡರೆ ಅದೇ ದೊಡ್ಡದು.

ಕುತೂಹಲ ಮಾತ್ರ ಅಕ್ಕನಿಗೆ ಹುಟ್ಟುಗುಣ. ಕೈಗೆ ಸಿಕ್ಕ ಡಾಕ್ಟರನ್ನು ಪ್ರಶ್ನೆ ಕೇಳದೆ ಬಿಟ್ಟವರಲ್ಲ. "ದಡಾರ ಬಂದ ಮಗು ಕೋಣೆಯಿಂದ ಎದ್ದು ಹೋದ್ಮೇಲೂ ಎರಡು ಗಂಟೆ ಹೊತ್ತು ಆ ರೋಗ ಗಾಳೀಲೇ ಇರಬಹುದಂತೆ! ಮುಟ್ಟೋದೂ ಬೇಡ, ಮಾತಾಡ್ಸೋದೂ ಬೇಡ. ಮೈಮೇಲೆ ಕೆಂಪು ಏಳೋ ಮುಂಚೆ ಬರೀ ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ನೆಗಡಿ ತಾನೇ ಅಂತ ನಾವು ಸುಮ್ನಿರ್ತೀವಿ. ಅಷ್ಟರಲ್ಲಿ ಪಕ್ಕದ ಮನೆಗೆ ದಾಟಿರುತ್ತೆ. ಎಂಥಾ ಘಾಟಿ ನೋಡಿ ಇದು!"

ಇವತ್ತು ಲಸಿಕೆ ಕೋಣೆಯಲ್ಲಿ ಕೂತಿರುವುದು ಒಬ್ಬಳೇ ತಾಯಿ. ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸದಾಕೆ, ಮಡಿಲಲ್ಲಿ ಒಂಬತ್ತು ತಿಂಗಳು ತುಂಬಿದ ಕೂಸು. ಹೊಸ ನರ್ಸ್ ಹಿಂದೆಮುಂದೆ ನೋಡುತ್ತಿದ್ದಾರೆ. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಪುಡಿ. ನೀರು ಬೆರೆಸಿದರೆ ಮಧ್ಯಾಹ್ನದೊಳಗೆ ಮುಗಿಸಬೇಕು, ಇಲ್ಲವೇ ಎಸೆಯಬೇಕು. ಎಸೆದರೆ ಮೇಲಿನವರು ಕೇಳುತ್ತಾರೆಂಬ ಅಳುಕು.

"ಗುರುವಾರ ಬನ್ನಿ, ಇನ್ನೂ ನಾಲ್ಕು ಮಕ್ಕಳು ಸೇರ್ತಾರೆ," ಎನ್ನುತ್ತಾರೆ ನರ್ಸ್.

"ನಮ್ಮ ಮಹಡೀಲೇ ಒಂದು ಮಗುಗೆ ದಡಾರ ಎದ್ದಿದೆ. ಮತ್ತೆ ರಜಾ ಕೊಡಲ್ಲ ಮೇಡಂ," ಎಂದು ತಾಯಿ ಸಣ್ಣ ದನಿಯಲ್ಲಿ ಹೇಳಿ ಎದ್ದೇಬಿಡುತ್ತಾಳೆ.

ಎಷ್ಟೋ ವರ್ಷದ ಹಿಂದೆ, ಡಬ್ಬಿ ಹೆಗಲೇರುವ ಮೊದಲು, ಅಕ್ಕನೂ ಮಗನನ್ನೆತ್ತಿಕೊಂಡು ಹೀಗೇ ಎದ್ದು ಬಂದಿದ್ದರು. ಇನ್ನೊಂದು ವಾರ ಬರುವ ಮುಂಚೆ ದಡಾರವೇ ಬಂತು. ಕಿವಿ ಸೋರಿತು, ಆಮೇಲೆ ಎರಡೂ ಕಿವಿ ಕೇಳಿಸದಾಯಿತು. ಮಗ ಈಗ ಒಳ್ಳೆಯ ಬಡಗಿ. "ಯಾರನ್ನೂ ಬೈಯಲ್ಲ ನಾನು. ಮುಂದಿನ ವಾರ ಬಾ ಅಂತ ಆಗಿನ ನರ್ಸ್ ಹೇಳಿದ್ರು, ನಾನು ಎದ್ದು ಬಂದೆ. ಹೊಟ್ಟೆ ಮಾತ್ರ ಇವತ್ತಿಗೂ ಉರಿಯುತ್ತೆ."

ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ ಅಕ್ಕ. "ಕೂತ್ಕೋ ತಾಯಿ." ನರ್ಸ್ ಕಡೆ ತಿರುಗಿ, "ತೆಗಿಯಮ್ಮ ಸೀಸೆ. ಒಂದೇ ಮಗು ಆದ್ರೂ ತೆಗೀಬೇಕು. ಉಳಿದ ಮಕ್ಕಳನ್ನ ಹುಡುಕೋ ಪಾಡು ನಂದು."

ನರ್ಸ್ ಒಮ್ಮೆ ಕೂಸಿನ ಮುಖ ನೋಡುತ್ತಾರೆ, ಆಮೇಲೆ ಪುಡಿಗೆ ನೀರು ಬೆರೆಸುತ್ತಾರೆ. ಕೂಸು ಸೂರು ಹಾರಿಹೋಗುವಂತೆ ಕಿರುಚುತ್ತದೆ. ಜ್ವರ, ಕೆಂಪು ಕಣ್ಣು ಕಂಡರೆ ತಡಮಾಡದೆ ತೋರಿಸಿ ಎಂದು ನರ್ಸ್ ಹೇಳುವಷ್ಟರಲ್ಲಿ ಅಕ್ಕ ಆಗಲೇ ಬೀದಿಯಲ್ಲಿದ್ದಾರೆ.

ಬಾಗಿಲು ಬಾಗಿಲಿಗೂ ಒಂದೇ ಮಾತು: "ದಡಾರದ ಎರಡನೇ ಚುಚ್ಚು ಆಯ್ತಾ?" ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡ ಅಪ್ಪನೊಬ್ಬ ಹೊರಗೆ ಬಂದು, ಒಂದು ಹಾಕಿಸಿಯಾಯಿತಲ್ಲ ಎನ್ನುತ್ತಾನೆ. "ಮೊದಲನೇದು ಕೆಲವು ಮಕ್ಕಳಿಗೆ ಹಿಡಿಯೋದೇ ಇಲ್ಲ ಕಣಪ್ಪ. ನಿನ್ನ ಮಗು ಯಾವ ಗುಂಪು ಅಂತ ನಿಂಗೆ ಗೊತ್ತಾ? ನಡಿ ನಡಿ, ಗಡ್ಡ ಎಲ್ಲೂ ಓಡಿಹೋಗಲ್ಲ!" ಆತ ಟವೆಲ್ ಹೆಗಲಿಗೆ ಹಾಕಿಕೊಂಡೇ ಮಗಳ ಕೈ ಹಿಡಿದು ಬರುತ್ತಾನೆ. ಅವನ ಹಿಂದೆ ಇನ್ನೂ ಕೆಲವರು.

ಮಧ್ಯಾಹ್ನದ ಹೊತ್ತಿಗೆ ಸೀಸೆಯಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ನರ್ಸ್ ಅದನ್ನು ಬುಟ್ಟಿಗೆ ಹಾಕುತ್ತಾರೆ. "ಹೋಗ್ಲಿ ಬಿಡಿ," ಎನ್ನುತ್ತಾರೆ ಅಕ್ಕ. ಹೊರಗೆ ನೀರಿನ ಡ್ರಮ್ಮಿನ ಹಿಂದೆ ಅವಿತ ಪೋರನೊಬ್ಬನನ್ನು ಅವನಮ್ಮ ಮಹಡಿಯಿಂದ ಕೂಗುತ್ತಿದ್ದಾಳೆ. ಅವನು ತಲೆಯೆತ್ತಿ ನೋಡುತ್ತಾನೆ, ಡಬ್ಬಿ ಕಂಡದ್ದೇ ಪರಾರಿ.

"ನನ್ನ ಕಂಡ್ರೆ ಕಾಲಿಗೆ ಬುದ್ಧಿ ಹೇಳ್ತವೆ," ಎಂದು ಅಕ್ಕ ಅವನು ಓಡಿದ ಕಡೆಯೇ ನೋಡುತ್ತಾರೆ. "ಓಡ್ಲಿ. ಅಮ್ಮ ಕೂಗಿದ್ರೆ ತಲೆ ಎತ್ತಿ ನೋಡ್ತವಲ್ಲ, ನಂಗಷ್ಟು ಸಾಕು."