ಹೆಬ್ಬೆರಳಿನ ಕೆಳಗಿದ್ದ ಬಟನ್

ಜಯನಗರದ ಆಸ್ಪತ್ರೆಯೊಂದರಲ್ಲಿ ತಮ್ಮನ ಹೊಟ್ಟೆಯ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಮುಗಿದೊಡನೆ ಕರೆ ಮಾಡುವುದಾಗಿ ವೈದ್ಯರು ಹೇಳಿದ್ದರಿಂದ, ಫೋನನ್ನು ಬಿಗಿಯಾಗಿ ಹಿಡಿದು, ಮೆಟ್ಟಿಲ ಕಡೆಯೇ ನೋಡುತ್ತ ಕೆಳಗಿನ ಹಾಲ್‌ನಲ್ಲಿ ಕುಳಿತಿದ್ದೆ. ಮೂರು ಗಂಟೆ ಕಳೆದರೂ ಅದು ಮೊಳಗಲಿಲ್ಲ.

ಪಕ್ಕದಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸೊಬ್ಬಳಿದ್ದಳು. “ಮೇಡಂ, ಆಗ್ಲಿಂದ ಲೈಟ್ ಬರ್ತಾ ಐತೆ, ಯಾಕೆ ಎತ್ತಲ್ಲ?” ಎಂದಳು.

“ರಿಂಗ್ ಆಗಿಲ್ಲವಲ್ಲ,” ಎಂದೆ, ತುಸು ಗಡುಸಾಗಿ.

“ಹೆಂಗಾಗುತ್ತೆ? ಸೌಂಡ್ ಕಮ್ಮಿ ಮಾಡೋ ಬಟನ್‌ನ ಹೆಬ್ಬೆಟ್ಟಲ್ಲಿ ಅದುಮ್ಕೊಂಡೇ ಕೂತಿದೀರ. ಬೆರಳು ಸಡಿಲ ಬಿಡಿ.”

ಅಂಚಿನಲ್ಲಿದ್ದ ಇನ್ನೊಂದು ಬಟನ್ನನ್ನು ಒತ್ತಿ, ಧ್ವನಿಯನ್ನು ಅವಳೇ ಏರಿಸಿಕೊಟ್ಟಳು. ಮುಂದಿನ ಕರೆ ಹಾಲ್ ತುಂಬ ಮೊಳಗಿತು. ವೈದ್ಯರದೇ: ತಮ್ಮ ಎಚ್ಚರಗೊಂಡು, ನನ್ನನ್ನೇ ಕೇಳುತ್ತಿದ್ದನಂತೆ. ಮೇಲಕ್ಕೆ ಅವನ ಬಳಿ ಓಡಿದೆ.

“ಇಷ್ಟೊತ್ತು ಎಲ್ಲಿ ಹೋಗಿದ್ದೆ, ಅಕ್ಕ?” ಎಂದು ಅವನು ಕ್ಷೀಣವಾಗಿ ಕೇಳಿದಾಗ, “ವೈದ್ಯರು ಬಿಡಲಿಲ್ಲ,” ಎಂದೆ. ಆ ಸುಳ್ಳನ್ನು ಇನ್ನೂ ತಿದ್ದಿಲ್ಲ.